ಮನೆಯೊಳಗಿನ ಕಾಯಕ

ವರಮಾನಕ್ಕಿಂತ ವೆಚ್ಚ ಹೆಚ್ಚಾದಾಗ ಗೃಹಸ್ಥನ ಮುಂದೆ ಎರಡು ದಾರಿಗಳು ತೋರುತ್ತವೆ. ಒಂದು ಸಾಲದ ದಾರಿ, ಇನ್ನೊಂದು ದುಡಿಮೆಯ ದಾರಿ. ಮೊದಲನೆಯದು ಸುಲಭವಾಗಿ ಕಂಡು ಕಡೆಗೆ ಕೊರಳಿಗೆ ಉರುಳಾಗುತ್ತದೆ. ಎರಡನೆಯದು ಮೊದಲಿಗೆ ಭಾರವೆನಿಸಿದರೂ ರೂಢಿಯಾದಂತೆ ಹಗುರಾಗುತ್ತದೆ. ಮಕ್ಕಳ ಓದು, ಹಿರಿಯರ ಔಷಧಿ, ಹಬ್ಬಹುಣ್ಣಿಮೆಗಳ ಖರ್ಚು ಕೈಮೀರಿದಾಗ, ಮನೆಯಲ್ಲಿದ್ದುಕೊಂಡೇ ನಾಲ್ಕು ಕಾಸು ಗಳಿಸುವುದು ಹೇಗೆಂಬ ಪ್ರಶ್ನೆ ಏಳುವುದು ಸಹಜ. ಇದು ಕೇವಲ ಲೌಕಿಕದ ಮಾತು, ಧರ್ಮಕ್ಕೆ ಸಂಬಂಧಿಸಿದ್ದಲ್ಲವೆಂದು ಕೆಲವರು ಭಾವಿಸಬಹುದು. ಶರಣರ ಬಾಳನ್ನು ಬಲ್ಲವರು ಹಾಗೆ ಭಾವಿಸಲಾರರು.

೧೨ನೆಯ ಶತಮಾನದ ಶರಣೆಯರಲ್ಲಿ ಕದಿರ ರೆಮ್ಮವ್ವೆಯದು ನೂಲುವ ಕಾಯಕ. ಕೊಟ್ಟಣದ ಸೋಮಮ್ಮನದು ಬತ್ತ ಕುಟ್ಟುವ ಕಾಯಕ. ನುಲಿಯ ಚಂದಯ್ಯನು ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ ಬಂದುದನ್ನು ಜಂಗಮ ದಾಸೋಹಕ್ಕೆ ಸಲ್ಲಿಸಿದನು. ಕದಿರು, ಒನಕೆ, ಹುಲ್ಲು, ಇವುಗಳಲ್ಲಿ ಯಾವುದೂ ದೊಡ್ಡ ಬಂಡವಾಳವನ್ನು ಬೇಡುವುದಿಲ್ಲ. ಮನೆಯ ಜಗಲಿಯ ಮೇಲೆ ಕುಳಿತು ಮಾಡಬಹುದಾದ ಕೆಲಸಗಳೇ ಇವರ ಹೆಸರಿನೊಡನೆ ಇಂದಿಗೂ ಉಳಿದು ಬಂದಿವೆ.

ಆದರೆ ಹೆಚ್ಚಿನ ಗಳಿಕೆಯೆಂದೊಡನೆ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ನೆನಪಾಗಬೇಕು. ಕಲ್ಯಾಣದ ಮಹಾಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ವಾಡಿಕೆಯ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದವಳು ಲಕ್ಕಮ್ಮ. ಆಕೆ ದುಡಿಮೆಯನ್ನು ಬೇಡವೆಂದವಳಲ್ಲ, ಆಸೆಯನ್ನು ಬೇಡವೆಂದವಳು. ಆದುದರಿಂದ ಹೊಸ ಗಳಿಕೆಗೆ ಕೈಹಾಕುವ ಗೃಹಸ್ಥರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಇದು ಯಾವ ಅಗತ್ಯಕ್ಕೆ, ಎಷ್ಟು ಬೇಕು ಎಂಬುದು. ಅದನ್ನು ಒಂದು ಹಾಳೆಯ ಮೇಲೆ ಬರೆದಿಡುವುದೇ ಮೊದಲ ಪಾಠ. ಅಳತೆಯಿಲ್ಲದ ಗಳಿಕೆಗೆ ತೃಪ್ತಿಯೂ ಇಲ್ಲ, ಲೆಕ್ಕವೂ ಇಲ್ಲ.

ಎರಡನೆಯ ಪಾಠ, ಕೈಗೆ ಬಂದ ವಿದ್ಯೆಯಿಂದಲೇ ಆರಂಭಿಸುವುದು. ಉತ್ತರ ಕರ್ನಾಟಕದ ಅನೇಕ ಗೃಹಿಣಿಯರಿಗೆ ಜೋಳದ ರೊಟ್ಟಿ ಬಡಿಯುವುದು ಬಾಲ್ಯದಿಂದ ಬಂದ ಕಲೆ. ಒಣಗಿಸಿದ ಖಡಕ್ ರೊಟ್ಟಿ ಬಹುದಿನ ಕೆಡದು. ಅದರೊಡನೆ ಶೇಂಗಾ, ಗುರೆಳ್ಳು, ಅಗಸೆ ಚಟ್ನಿಪುಡಿಗಳಿಗೂ ಪಟ್ಟಣಗಳಲ್ಲಿ ಬೇಡಿಕೆಯುಂಟು. ಹೊಲಿಗೆ ಬಲ್ಲವರು ಸೀರೆಗೆ ಫಾಲ್ ಹಚ್ಚಬಹುದು, ಸೆರಗಿಗೆ ಕುಚ್ಚು ಕಟ್ಟಬಹುದು. ಧಾರವಾಡದ ಸೀಮೆಯ ಕಸೂತಿಯಲ್ಲಿ ಬಟ್ಟೆಯ ಎಳೆಗಳನ್ನು ಎಣಿಸಿ, ಗಂಟು ಹಾಕದೆ, ಗವಂತಿ, ಮುರ್ಗಿ, ನೇಗಿ, ಮೆಂತೆಯೆಂಬ ನಾಲ್ಕು ಬಗೆಯ ಹೊಲಿಗೆಗಳಿಂದ ಗೋಪುರ, ತೇರು, ಆನೆಗಳನ್ನು ಮೂಡಿಸುತ್ತಾರೆ. ಅದಕ್ಕೆ ಬೇಕಾದ ಸಾಧನ ಸೂಜಿದಾರ ಮತ್ತು ತಾಳ್ಮೆ. ಓದುಬರಹ ಬಲ್ಲವರಿಗೆ ನೆರೆಯ ಮಕ್ಕಳ ಮನೆಪಾಠವಿದೆ. ಹೊಸದನ್ನು ಕಲಿಯುವುದು ತಪ್ಪಲ್ಲ. ಬಲ್ಲುದನ್ನು ಬಿಟ್ಟು ಬಲ್ಲದುದಕ್ಕೆ ಹಣ ಹೂಡುವುದು ಅಪಾಯ.

ಮೂರನೆಯ ಪಾಠ ಲೆಕ್ಕದ್ದು. ಆರಂಭಿಕರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಒಬ್ಬ ಗೃಹಿಣಿ ತಿಂಗಳಿಗೆ ೧೫೦೦ ರೂಪಾಯಿಯ ಚಟ್ನಿಪುಡಿ ಮಾರಿದಳೆಂದು ಭಾವಿಸಿದರೆ, ಆಕೆಯ ಗಳಿಕೆ ೧೫೦೦ ಅಲ್ಲ. ಶೇಂಗಾ, ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪಿಗೆ ೮೦೦, ಉರುವಲಿಗೆ ೧೦೦, ಚೀಲ ಚೀಟಿಗಳಿಗೆ ೬೦ ಹೋದರೆ ಉಳಿದದ್ದು ೫೪೦. ಅದಕ್ಕೆ ೧೨ ಗಂಟೆ ದುಡಿದಿದ್ದರೆ ಗಂಟೆಗೆ ೪೫ ರೂಪಾಯಿ ಬಿದ್ದಂತಾಯಿತು. ಮನೆಯ ಡಬ್ಬಿಯಿಂದ ತೆಗೆದ ಸಾಮಾನನ್ನೂ ಬರೆಯಬೇಕು. ಬರೆಯದಿದ್ದರೆ ಲಾಭವೆಂದು ಕಂಡದ್ದು ಮನೆಯ ದಿನಸಿಯೇ ಆಗಿರುತ್ತದೆ. ತಿನ್ನುವ ಪದಾರ್ಥ ಮಾರುವವರು, ಎಷ್ಟೇ ಸಣ್ಣವರಾಗಲಿ, ೨೦೦೬ರ ಆಹಾರ ಸುರಕ್ಷತೆ ಕಾಯಿದೆಯಂತೆ ಹೆಸರು ನೋಂದಾಯಿಸತಕ್ಕದ್ದೆಂಬುದನ್ನೂ ಮರೆಯಬಾರದು.

ಈ ಲೆಕ್ಕದಲ್ಲಿ ಇನ್ನೊಂದು ಬಾಬು ಸೇರಬೇಕು. ಅದು ಮನೆಯೊಡತಿಯ ಬಿಡುವು. ಬೆಳಗಿನಿಂದ ರಾತ್ರಿಯವರೆಗೆ ದುಡಿಯುವವಳಿಗೆ ಮತ್ತೊಂದು ದುಡಿಮೆಯನ್ನು ಹೊರಿಸಿ, ಉಳಿದವರು ಕೈಕಟ್ಟಿ ಕುಳಿತರೆ ಅದು ಕಾಯಕವಲ್ಲ, ಬಿಟ್ಟಿ. ಆಕೆ ಹಿಟ್ಟು ನಾದುವ ಹೊತ್ತಿನಲ್ಲಿ ನೀರು ತುಂಬುವುದು, ಕಸ ಗುಡಿಸುವುದು, ಮಕ್ಕಳನ್ನು ನೋಡಿಕೊಳ್ಳುವುದು ಗಂಡನ ಪಾಲಿಗೆ ಬರಬೇಕು. ಲಕ್ಕಮ್ಮನ ಮಾತನ್ನು ಮಾರಯ್ಯನು ಮನ್ನಿಸಿದಂತೆ, ಗಳಿಸಿದ ಹಣದ ವಿನಿಯೋಗದಲ್ಲಿಯೂ ಆಕೆಯ ಮಾತು ನಡೆಯಬೇಕು.

ಸಣ್ಣದು ಹೇಗೆ ಬೆಳೆಯುತ್ತದೆಂಬುದಕ್ಕೆ ಮುಂಬಯಿಯ ಒಂದು ನಿದರ್ಶನ ಸಾಕು. ೧೯೫೯ರ ಮಾರ್ಚ್ ೧೫ರಂದು ಗಿರಗಾಂವದಲ್ಲಿ ಏಳು ಮಂದಿ ಗೃಹಿಣಿಯರು ೮೦ ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸಲು ತೊಡಗಿದರು. ಮೊದಲ ದಿನದ ಸರಕು ನಾಲ್ಕು ಪೊಟ್ಟಣ. ಅದೇ ಮುಂದೆ ಲಿಜ್ಜತ್ ಪಾಪಡ್ ಎಂದು ಹೆಸರಾದ ಮಹಿಳಾ ಗೃಹೋದ್ಯೋಗವಾಯಿತು. ಕಲಸಿದ ಹಿಟ್ಟನ್ನು ಸದಸ್ಯೆಯರು ಮನೆಗೊಯ್ದು, ಲಟ್ಟಿಸಿ, ಒಣಗಿಸಿ ತಂದೊಪ್ಪಿಸುತ್ತಾರೆ. ದುಡಿಯುವವರೇ ಅದರ ಒಡತಿಯರು. ದಾನವನ್ನು ಸ್ವೀಕರಿಸಬಾರದೆಂಬುದು ಅವರ ನಿಯಮ. ಆ ಏಳು ಮಂದಿಯಲ್ಲೊಬ್ಬರಾದ ಜಸವಂತಿಬೆನ್ ಜಮನಾದಾಸ್ ಪೋಪಟ್ ಅವರಿಗೆ ೨೦೨೧ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಎಲ್ಲರ ಕೆಲಸವೂ ಹಾಗೆ ಬೆಳೆಯಬೇಕೆಂದಿಲ್ಲ. ಸಾಲವನ್ನು ಮಾಡಲೇಬೇಕಾದರೆ ಅದು ಸರಕಿನ ಅಳತೆಯನ್ನು ಮೀರದಿರಲಿ ಎಂಬುದನ್ನು ಎಲ್ಲರೂ ಅವರಿಂದ ಕಲಿಯಬಹುದು. ಕರ್ನಾಟಕದಲ್ಲಿ ೨೦೦೦–೦೧ರಲ್ಲಿ ಆರಂಭವಾದ ಸ್ತ್ರೀಶಕ್ತಿ ಗುಂಪುಗಳಂಥ ಸ್ವಸಹಾಯ ಸಂಘಗಳೂ ವಾರದ ಉಳಿತಾಯದ ಆಧಾರದ ಮೇಲೆಯೇ ನಿಂತಿವೆ.

ಕೊನೆಯ ಪಾಠ ಎಚ್ಚರಿಕೆಯದು. ಮನೆಯಲ್ಲೇ ಕುಳಿತು ದಿನಕ್ಕೆ ಸಾವಿರಾರು ರೂಪಾಯಿ ಗಳಿಸಿರೆಂಬ ಆಮಿಷ ಇಂದು ಮೊಬೈಲಿನ ಮೂಲಕ ಮನೆಮನೆಗೆ ಬರುತ್ತಿದೆ. ಮೊದಲು ಸ್ವಲ್ಪ ಹಣ ಕೊಟ್ಟು ನಂಬಿಸಿ, ಬಳಿಕ ಠೇವಣಿಯೆಂದು ಕೂಡಿಟ್ಟದ್ದನ್ನೆಲ್ಲ ಕಸಿಯುತ್ತಾರೆ. ಕೆಲಸ ಕೊಡುವವನು ಕೂಲಿ ಕೊಡಬೇಕು; ಕೆಲಸ ಕೊಡಲು ಹಣ ಕೇಳುವವನನ್ನು ಬಾಗಿಲಲ್ಲೇ ತಡೆಯಬೇಕು. ಜನರನ್ನು ಸೇರಿಸಿದರೆ ಹಣವೆನ್ನುವ ಸರಪಳಿ ಯೋಜನೆಗಳನ್ನು ೧೯೭೮ರ ಕಾಯಿದೆ ನಿಷೇಧಿಸಿದೆ. ಪರರ ಹಣವನ್ನು ತನ್ನ ಬ್ಯಾಂಕ್ ಖಾತೆಯಲ್ಲಿ ಹಾಯಿಸಲು ಒಪ್ಪಿದವನು ಅಪರಾಧಕ್ಕೆ ಪಾಲುದಾರನಾಗುತ್ತಾನೆ. ಮೋಸಹೋದವರು ನಾಚಿ ಮುಚ್ಚಿಡದೆ ಕೂಡಲೇ ೧೯೩೦ ಸಂಖ್ಯೆಗೆ ದೂರು ಕೊಡಬೇಕು. ತಡಮಾಡಿದಷ್ಟೂ ಹಣ ದೂರವಾಗುತ್ತದೆ. ದುಡಿಯದೆ ಬರುವ ಹೆಚ್ಚಿನ ಅಕ್ಕಿಯನ್ನು ಲಕ್ಕಮ್ಮ ಶಂಕಿಸಿದಳು. ಆ ಶಂಕೆಯೇ ಇಂದಿನ ಗೃಹಸ್ಥನಿಗೆ ಕಾವಲು.

ಅಗತ್ಯವನ್ನು ಅಳೆದು, ಬಲ್ಲ ಕೆಲಸವನ್ನು ಹಿಡಿದು, ಲೆಕ್ಕವನ್ನು ಶುದ್ಧವಾಗಿಟ್ಟು, ಮನೆಮಂದಿ ಕೈಗೂಡಿಸಿ ಗಳಿಸಿದ ಹತ್ತು ರೂಪಾಯಿ ಸಾಲದ ನೂರಕ್ಕಿಂತ ಮಿಗಿಲು. ಅದರಲ್ಲಿ ಒಂದು ಪಾಲು ಕಷ್ಟಕಾಲಕ್ಕೆ, ಒಂದು ಪಾಲು ದಾಸೋಹಕ್ಕೆ ಮೀಸಲಾದರೆ, ಆ ಸಣ್ಣ ಗಳಿಕೆ ಪ್ರಸಾದವಾಗುತ್ತದೆ.