ಎಲೆಯೇ ಬೇರೆ, ಎಣ್ಣೆಯೇ ಬೇರೆ

ರೋಸ್‌ಮೇರಿ ನಮ್ಮ ಮನೆಗಳಿಗೆ ಬಂದದ್ದು ಬಚ್ಚಲುಮನೆಯ ದಾರಿಯಿಂದ. ಮೆಡಿಟರೇನಿಯನ್ ಸಮುದ್ರದ ಸುತ್ತಿನ ಜನ ಅದನ್ನು ಕುರಿಮಾಂಸಕ್ಕೂ ಆಲೂಗೆಡ್ಡೆಗೂ ಹಾಕಿಕೊಂಡು ಉಣ್ಣುತ್ತಾರೆ. ಇಲ್ಲಿ ಅದರ ಒಣ ಎಲೆಯನ್ನು ಕುದಿಸಿ, ಸೋಸಿ, ಸ್ಪ್ರೇ ಬಾಟಲಿಗೆ ತುಂಬಿ ತಲೆಗೆ ಹೊಡೆದುಕೊಳ್ಳುವವರೇ ಹೆಚ್ಚು. ಗ್ರಂಧಿಗೆ ಅಂಗಡಿಯಲ್ಲೂ ಈಗ ಸೀಗೆಪುಡಿ, ಅಂಟುವಾಳದ ಪಕ್ಕ ಅದರ ಪೊಟ್ಟಣ ಕಾಣಿಸುತ್ತದೆ. ಕೂದಲಿಗೆ ಒಳ್ಳೆಯದು, ನೆನಪಿಗೆ ಒಳ್ಳೆಯದು, ಅಜೀರ್ಣಕ್ಕಾಗುತ್ತದೆ, ಸೊಳ್ಳೆ ಓಡಿಸುತ್ತದೆ – ಹೀಗೆ ಗುಣಗಳ ಪಟ್ಟಿ ಬೆಳೆಯುತ್ತಲೇ ಇದೆ. ತುಳಸಿ, ಪುದೀನ, ದೊಡ್ಡಪತ್ರೆ, ಮಜ್ಜಿಗೆಹುಲ್ಲುಗಳಿಗೂ ಇಂಥದೇ ಪಟ್ಟಿಗಳಿವೆ. ಈ ಸೊಪ್ಪುಗಳನ್ನು ವರ್ಷಗಟ್ಟಲೆ ಬೆಳೆದು, ಬಳಸಿ, ಅವುಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ ಮೇಲೆ ನನಗೆ ಖಚಿತವಾದ ಸಂಗತಿ ಇಷ್ಟು: ‘ಈ ಗಿಡ ಯಾವುದಕ್ಕೆ ಒಳ್ಳೆಯದು?’ ಎಂಬ ಪ್ರಶ್ನೆಯೇ ಅರ್ಧಂಬರ್ಧದ್ದು. ಎಲೆಯನ್ನು ತುಪ್ಪದಲ್ಲಿ ಬಾಡಿಸಿದ್ದೋ, ನೀರಲ್ಲಿ ಕುದಿಸಿದ್ದೋ, ಬಟ್ಟಿ ಇಳಿಸಿ ಎಣ್ಣೆ ತೆಗೆದದ್ದೋ, ತೆಗೆದುಕೊಂಡದ್ದು ಎಷ್ಟು ಎಂಬುದು ಗೊತ್ತಾಗದ ಹೊರತು ಅದಕ್ಕೆ ಉತ್ತರ ಹೇಳಲಾಗದು.

ಮೊದಲು ಪರಿಮಳ ಅಂದರೆ ಏನು ಎಂಬುದನ್ನು ನೋಡೋಣ. ರೋಸ್‌ಮೇರಿ ತುಳಸಿಯ ಕುಟುಂಬದ್ದು. ಪುದೀನ, ದೊಡ್ಡಪತ್ರೆ, ಕಾಮಕಸ್ತೂರಿ, ಮರುಗ, ಲ್ಯಾವೆಂಡರ್, ಥೈಮ್, ಕೊನೆಗೆ ಬೇಲಿ ಬದಿಯ ತುಂಬೆ ಕೂಡ ಅದೇ ಬಳಗ. ಇವುಗಳ ಪೈಕಿ ಬಹುಪಾಲು ಗಿಡಗಳ ಎಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿದ್ದು, ಕೆಲವು ರೋಮಗಳ ತುದಿಯಲ್ಲಿ ಎಣ್ಣೆ ತುಂಬಿದ ಚೀಲವಿರುತ್ತದೆ. ಗಿಡ ಆ ಎಣ್ಣೆಯನ್ನು ಕೂಡಿಡುವುದು ನಮ್ಮ ಸಾರಿನ ಸಲುವಾಗಿ ಅಲ್ಲ. ಎಲೆ ಕಡಿಯಲು ಬರುವ ಹುಳಕ್ಕೆ, ಅಂಟಲು ಬರುವ ಬೂಷ್ಟಿಗೆ ತಡೆಯೊಡ್ಡಲು. ಎಲೆಯನ್ನು ಹಿಸುಕಿದಾಗ ಚೀಲ ಒಡೆಯುತ್ತದೆ, ಘಮ ಏಳುತ್ತದೆ. ಇಷ್ಟು ತಿಳಿದರೆ ಜನಪ್ರಿಯ ನಂಬಿಕೆಯೊಂದು ತಾನಾಗಿ ಕಳಚಿ ಬೀಳುತ್ತದೆ. ಕಿಟಕಿಯಲ್ಲೊಂದು ಕುಂಡ ಇಟ್ಟರೆ ಸೊಳ್ಳೆ ಬಾರದು ಎನ್ನುತ್ತಾರಲ್ಲ, ಚೀಲ ಒಡೆಯದೆ ಸುಮ್ಮನೆ ನಿಂತ ಗಿಡ ಕೋಣೆಯ ಗಾಳಿಗೆ ಬಿಡುವ ಎಣ್ಣೆ ಸೊಳ್ಳೆಯನ್ನು ಓಡಿಸುವಷ್ಟು ಇರುವುದಿಲ್ಲ. ಮಜ್ಜಿಗೆಹುಲ್ಲಿನ ದಾಯಾದಿಯಾದ ಸಿಟ್ರೊನೆಲ್ಲಾ ಹುಲ್ಲಿನ ಎಣ್ಣೆಯನ್ನು ಮೈಗೆ ಹಚ್ಚಿಕೊಂಡರೆ ಸೊಳ್ಳೆ ದೂರ ಇರುವುದು ನಿಜ, ಆದರೆ ಆ ಎಣ್ಣೆ ಬೇಗ ಹಾರಿಹೋಗುವುದರಿಂದ ರಕ್ಷಣೆಯೂ ಬೇಗ ಮುಗಿಯುತ್ತದೆ. (ತುಳಸಿಕಟ್ಟೆ ರಾತ್ರಿಯಿಡೀ ಆಮ್ಲಜನಕ ಬಿಡುತ್ತದೆ ಎಂಬ ಸಂದೇಶಕ್ಕಂತೂ ಶಾಲೆಯ ವಿಜ್ಞಾನ ಪುಸ್ತಕವೇ ಉತ್ತರ: ಬೆಳಕಿಲ್ಲದೆ ದ್ಯುತಿಸಂಶ್ಲೇಷಣೆ ಇಲ್ಲ.)

ಈ ಎಣ್ಣೆಗಳಿಗೆ ಕೊಬ್ಬು ಎಂದರೆ ಇಷ್ಟ, ನೀರು ಎಂದರೆ ಅಷ್ಟಕ್ಕಷ್ಟೇ. ಅಡುಗೆಯವರಿಗೆ ಇದು ಪುಸ್ತಕ ಓದದೆಯೇ ಗೊತ್ತು. ತಂಬುಳಿಗೆ ದೊಡ್ಡಪತ್ರೆಯನ್ನು ಹಸಿಯಾಗಿ ರುಬ್ಬದೆ, ಜೀರಿಗೆ, ಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿಕೊಳ್ಳುವುದರ ಹಿಂದೆ ಇರುವುದು ಇದೇ. ಕರಿಬೇವು ಒಗ್ಗರಣೆಯ ಎಣ್ಣೆಗೆ ಬೀಳುವುದರ ಹಿಂದೆ ಇರುವುದೂ ಇದೇ. ಇಟಲಿಯವರು ರೋಸ್‌ಮೇರಿಯನ್ನು ಆಲಿವ್ ಎಣ್ಣೆಯಲ್ಲಿ ಬಿಸಿ ಮಾಡುವುದು ನಮ್ಮ ಒಗ್ಗರಣೆಗಿಂತ ಬಹಳ ಬೇರೆಯೇನಲ್ಲ. ಗಟ್ಟಿ ಎಲೆಯ ರೋಸ್‌ಮೇರಿ, ಥೈಮ್‌ಗಳು ಒಣಗಿದರೂ ಪರಿಮಳ ಉಳಿಸಿಕೊಳ್ಳುತ್ತವೆ, ಬಹಳ ಹೊತ್ತು ಬೇಯುವುದನ್ನೂ ತಾಳುತ್ತವೆ. ಕೊತ್ತಂಬರಿ, ಕಾಮಕಸ್ತೂರಿಯಂಥ ಮೆದು ಎಲೆಗಳು ಒಣಗಿದರೆ ಹುಲ್ಲೇ ಸರಿ, ಒಲೆ ಆರಿಸುವ ಹೊತ್ತಿಗೆ ಹಾಕಬೇಕು. ಈ ವ್ಯತ್ಯಾಸ ಅರಿಯದೆ ಎಲ್ಲ ಸೊಪ್ಪನ್ನೂ ಒಂದೇ ರೀತಿ ಒಣಗಿಸಿ ಡಬ್ಬಿ ತುಂಬಿದರೆ ಅರ್ಧ ಡಬ್ಬಿಯನ್ನು ಗೊಬ್ಬರಕ್ಕೆ ಸುರಿಯಬೇಕಾಗುತ್ತದೆ.

ಆದರೆ ರೋಸ್‌ಮೇರಿಯ ವಿಷಯದಲ್ಲಿ ನನ್ನ ತಿಳಿವಳಿಕೆಯನ್ನು ಅಡಿಮೇಲು ಮಾಡಿದ್ದು ಪರಿಮಳವಲ್ಲ, ಪರಿಮಳ ತೆಗೆದ ಮೇಲೆ ಉಳಿಯುವುದು. ಎಲೆಯಲ್ಲಿ ಹಾರಿಹೋಗುವ ಎಣ್ಣೆಯ ಜೊತೆಗೆ ಹಾರದ ಪದಾರ್ಥಗಳೂ ಇವೆ. ಅವುಗಳಲ್ಲಿ ಕಾರ್ನೋಸಿಕ್ ಆಮ್ಲ ಎಂಬುದು ಕೊಬ್ಬಿನಲ್ಲಿ ಕರಗಿ, ಕೊಬ್ಬು ಗಾಳಿಯ ಜೊತೆ ಸೇರಿ ಕಮಟು ಹಿಡಿಯುವುದನ್ನು ತಡೆಯುತ್ತದೆ. ಐರೋಪ್ಯ ಒಕ್ಕೂಟ 2010ರಲ್ಲಿ ರೋಸ್‌ಮೇರಿ ಸಾರವನ್ನು ಇ-392 ಎಂಬ ಸಂಖ್ಯೆ ಕೊಟ್ಟು ಆಹಾರ ಕೆಡದಂತೆ ಕಾಯುವ ಪದಾರ್ಥಗಳ ಪಟ್ಟಿಗೆ ಸೇರಿಸಿತು. ಕಾರ್ಖಾನೆಗಳು ಅದನ್ನು ಬಳಸುವಾಗ ತಿಂಡಿಗೆ ವಾಸನೆ ಬಾರದಿರಲಿ ಎಂದು ಪರಿಮಳವನ್ನು ತೆಗೆದೇ ಹಾಕುತ್ತವೆ! ಅಂದರೆ ಈ ಸುಗಂಧ ಸಸ್ಯದ ಅತ್ಯಂತ ಗಟ್ಟಿಯಾಗಿ ಸಾಬೀತಾದ ಉಪಯೋಗಕ್ಕೆ ಸುಗಂಧದ ಸಂಬಂಧವೇ ಇಲ್ಲ. ಬೆಣ್ಣೆ ಕಾಯಿಸುವಾಗ ಕೊನೆಯಲ್ಲಿ ವೀಳ್ಯದೆಲೆಯನ್ನೋ ಕರಿಬೇವನ್ನೋ ನುಗ್ಗೆಸೊಪ್ಪನ್ನೋ ಹಾಕುವ ನಮ್ಮ ಪದ್ಧತಿಯೂ ಈ ಸಾಲಿಗೇ ಸೇರುವಂಥದ್ದು. ಕರಿಬೇವು, ವೀಳ್ಯದೆಲೆ ಹಾಕಿ ಕಾಯಿಸಿದ ತುಪ್ಪ ಹೆಚ್ಚು ದಿನ ತಾಳುತ್ತದೆ ಎಂಬುದನ್ನು ಹೈನು ವಿಜ್ಞಾನಿಗಳು ಪರೀಕ್ಷೆ ಮಾಡಿಯೇ ಹೇಳಿದ್ದಾರೆ. ‘ಘಮ ಬರಲಿ ಅಂತ ಹಾಕ್ತೀವಿ’ ಎನ್ನುವ ಅಡುಗೆಮನೆಯ ವಿವರಣೆ ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ.

ಈಗ ಕೂದಲಿನ ಮಾತು. ರೋಸ್‌ಮೇರಿಯ ಇಂದಿನ ಭರಾಟೆಯ ಬೆನ್ನಿಗೆ ಇರುವುದು 2015ರಲ್ಲಿ ಪ್ರಕಟವಾದ ಇರಾನಿನ ಒಂದು ಅಧ್ಯಯನ. ಆನುವಂಶಿಕವಾಗಿ ಕೂದಲು ಉದುರುವ 100 ಜನರಲ್ಲಿ ಅರ್ಧ ಮಂದಿಗೆ ರೋಸ್‌ಮೇರಿ ಎಣ್ಣೆ, ಉಳಿದರ್ಧಕ್ಕೆ ಶೇಕಡಾ 2ರ ಮಿನಾಕ್ಸಿಡಿಲ್ ಔಷಧ ಕೊಟ್ಟು ಆರು ತಿಂಗಳು ನೋಡಿದರು. ಮೂರು ತಿಂಗಳಿಗೆ ಎರಡರಲ್ಲೂ ಗಮನಾರ್ಹ ಬದಲಾವಣೆ ಇರಲಿಲ್ಲ. ಆರು ತಿಂಗಳಿಗೆ ಎರಡರಲ್ಲೂ ಕೂದಲಿನ ಸಂಖ್ಯೆ ಏರಿತ್ತು, ಎರಡರ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇದು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಫಲಿತಾಂಶವೇ. ಆದರೆ ಏನನ್ನೂ ಹಚ್ಚದ, ಅಥವಾ ಬರೀ ಸಪ್ಪೆ ದ್ರವ ಹಚ್ಚಿದ ಮೂರನೆಯ ಗುಂಪು ಅದರಲ್ಲಿ ಇರಲಿಲ್ಲ. ಹೋಲಿಸಿದ್ದು ಶೇಕಡಾ 2ರ ಔಷಧಕ್ಕೆ, ಗಂಡಸರು ಸಾಮಾನ್ಯವಾಗಿ ಬಳಸುವ ಶೇಕಡಾ 5ರದ್ದಕ್ಕೆ ಅಲ್ಲ. ಇವೆರಡಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಅಲ್ಲಿ ಪರೀಕ್ಷೆಯಾದದ್ದು ಎಣ್ಣೆ, ನಮ್ಮವರು ತಲೆಗೆ ಹೊಡೆದುಕೊಳ್ಳುತ್ತಿರುವುದು ಎಲೆ ಕುದಿಸಿದ ನೀರು. ತೆರೆದ ಪಾತ್ರೆಯಲ್ಲಿ ಕುದಿಸಿದಾಗ ಎಣ್ಣೆಯ ದೊಡ್ಡ ಪಾಲು ಹಬೆಯ ಜೊತೆ ಅಡುಗೆಮನೆ ಸೇರುತ್ತದೆ. ಕಾರ್ನೋಸಿಕ್ ಆಮ್ಲ ನೀರಿನಲ್ಲಿ ಕರಗುವ ಜಾತಿಯದಲ್ಲ. ಒಂದರ ಸಾಕ್ಷ್ಯವನ್ನು ಇನ್ನೊಂದಕ್ಕೆ ದಾಟಿಸುವ ಈ ಕೈಚಳಕವೇ ಗಿಡಮೂಲಿಕೆಯ ಮಾರುಕಟ್ಟೆಯ ಬಂಡವಾಳ. ನೀರು ಹಾಕಿಕೊಂಡರೆ ಕೆಡುಕಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಹಾಕಿಕೊಳ್ಳುವವರು ಅದನ್ನು ಫ್ರಿಜ್ಜಿನಲ್ಲಿಟ್ಟು ಕೆಲವೇ ದಿನದಲ್ಲಿ ಮುಗಿಸಬೇಕು, ಏಕೆಂದರೆ ಹಾಗೆ ಮಾಡಿಟ್ಟ ಕಷಾಯ ಬೇಗ ಹುಳಿಯುತ್ತದೆ. ನೆನಪಿನ ಶಕ್ತಿಯ ಕಥೆಯೂ ಇಂಥದೇ. ಬ್ರಿಟನ್ನಿನ ನಾರ್ತಂಬ್ರಿಯಾ ವಿಶ್ವವಿದ್ಯಾಲಯದವರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ರೋಸ್‌ಮೇರಿಯ ಪರಿಮಳವಿದ್ದ ಕೋಣೆಯಲ್ಲಿ ಕೂತವರ ನೆನಪಿನ ಗುಣಮಟ್ಟ ಹೆಚ್ಚಿತ್ತು ನಿಜ, ಆದರೆ ನೆನಪಿಸಿಕೊಳ್ಳುವ ವೇಗ ಕಡಿಮೆಯಾಗಿತ್ತು. ಜಾಹೀರಾತುಗಳು ವಾಕ್ಯದ ಮೊದಲರ್ಧವನ್ನು ಮಾತ್ರ ಓದುತ್ತವೆ.

‘ಶತಮಾನಗಳಿಂದ ಬಳಸಿಕೊಂಡು ಬಂದದ್ದಕ್ಕೆ ಪ್ರಯೋಗಾಲಯದ ಸರ್ಟಿಫಿಕೇಟ್ ಏಕೆ? ನೈಸರ್ಗಿಕವಾದದ್ದು ಏನು ಮಾಡೀತು?’ ಎಂಬ ಆಕ್ಷೇಪ ಇಲ್ಲಿ ಬಂದೇ ಬರುತ್ತದೆ. ಅದನ್ನು ತಳ್ಳಿಹಾಕುವವನು ನಾನಲ್ಲ. ಅಜ್ಜಿಯ ಅನುಭವಕ್ಕೆ ಬೆಲೆ ಇದೆ. ಆದರೆ ಅಜ್ಜಿ ಬಳಸಿದ್ದು ಏನನ್ನು? ಮಗುವಿಗೆ ಶೀತವಾದರೆ ದೊಡ್ಡಪತ್ರೆಯ ಒಂದೆರಡು ಎಲೆ ಕೆಂಡದ ಮೇಲೆ ಬಾಡಿಸಿ ಹಿಂಡಿದ ನಾಲ್ಕು ಹನಿ, ಹೊಟ್ಟೆನೋವಿಗೆ ಒಂದು ಚಿಟಿಕೆ ಓಮ. ಅಳತೆ ಎಲೆಯಲ್ಲೇ ಅಡಗಿತ್ತು. ಖಾರ, ಕಹಿ, ಘಾಟು ತಾನೇ ಕಾವಲು ನಿಲ್ಲುತ್ತಿತ್ತು. ರೋಸ್‌ಮೇರಿಯ ಹಸಿ ಎಲೆಯಲ್ಲಿ ಎಣ್ಣೆ ಇರುವುದು ನೂರಕ್ಕೆ ಒಂದು ಪಾಲಿನ ಆಸುಪಾಸು. ಬಟ್ಟಿ ಇಳಿಸಿದ ಒಂದು ಸಣ್ಣ ಬಾಟಲಿ ಎಂದರೆ ಬುಟ್ಟಿಗಟ್ಟಲೆ ಸೊಪ್ಪು, ಅದೂ ಹಾರದ ಭಾಗವೆಲ್ಲ ಬಿಟ್ಟುಹೋಗಿ. ಯಾವ ಅಜ್ಜಿಯೂ ಬುಟ್ಟಿ ಸೊಪ್ಪನ್ನು ಒಂದೇ ಸಲಕ್ಕೆ ಯಾರಿಗೂ ಕೊಟ್ಟಿರಲಿಲ್ಲ. ಆದ್ದರಿಂದ ಬಾಟಲಿಯ ಎಣ್ಣೆಗೆ ಪರಂಪರೆಯ ಹೆಸರಿನಲ್ಲಿ ರಿಯಾಯಿತಿ ಕೇಳುವುದು ಪರಂಪರೆಗೇ ಮಾಡುವ ಮೋಸ. ಇನ್ನು ‘ನೈಸರ್ಗಿಕ’ದ ಮಾತು: ರೋಸ್‌ಮೇರಿ ಎಣ್ಣೆಯಲ್ಲಿ ಇರುವ ಮುಖ್ಯ ಅಂಶಗಳಲ್ಲಿ ಎರಡು ಎಂದರೆ ಕರ್ಪೂರ, ಮತ್ತು ನೀಲಗಿರಿ ಎಣ್ಣೆಯಲ್ಲೂ ಏಲಕ್ಕಿಯಲ್ಲೂ ಇರುವ ಸಿನಿಯೋಲ್. ಮೊರಾಕೊ, ಟುನೀಶಿಯಾಗಳ ಎಣ್ಣೆಯಲ್ಲಿ ಸಿನಿಯೋಲ್ ಹೆಚ್ಚು, ಸ್ಪೇನಿನದರಲ್ಲಿ ಕರ್ಪೂರ ಹೆಚ್ಚು. ಗಿಡ ಒಂದೇ, ಬಾಟಲಿಯೊಳಗಿನದು ಒಂದೇ ಅಲ್ಲ. ಕರ್ಪೂರ, ನೀಲಗಿರಿ ಎಣ್ಣೆಗಳು ಮಗುವಿನ ಹೊಟ್ಟೆ ಸೇರಿದರೆ ಸ್ವಲ್ಪವೇ ಆದರೂ ಫಿಟ್ಸ್ ಬರಿಸಬಲ್ಲವು ಎಂಬುದು ವೈದ್ಯರಿಗೆ ಬಹುಕಾಲದಿಂದ ಗೊತ್ತು. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 1983ರಿಂದಲೇ ಮೈಗೆ ಹಚ್ಚುವ ಔಷಧಗಳಲ್ಲಿ ಕರ್ಪೂರ ಶೇಕಡಾ 11ನ್ನು ಮೀರಬಾರದು ಎಂದು ಮಿತಿ ಹಾಕಿದೆ. ಬೆಂಗಳೂರಿನ ನರರೋಗ ತಜ್ಞರು ಕೂಡ ಈ ಎಣ್ಣೆಗಳಿಗೂ ದೊಡ್ಡವರಲ್ಲಿ ಕಾಣುವ ಫಿಟ್ಸ್‌ಗೂ ಇರುವ ನಂಟಿನ ಬಗ್ಗೆ ಅಧ್ಯಯನಗಳನ್ನು ಪ್ರಕಟಿಸಿದ್ದಾರೆ.

ಇದರ ಎದುರು ದಿಕ್ಕಿನ ಆಕ್ಷೇಪವೂ ಇದೆ, ಮತ್ತು ವಿಚಾರವಂತರ ಬಾಯಲ್ಲೇ ಹೆಚ್ಚು ಕೇಳಿಸುತ್ತದೆ: ‘ಹಾಗಾದರೆ ಇದೆಲ್ಲ ಮನಸ್ಸಿನ ಸಮಾಧಾನ ಅಷ್ಟೇ, ವಾಸನೆಗೆ ಯಾವ ರೋಗ ಹೋದೀತು?’ ಇದೂ ಅವಸರದ ತೀರ್ಪು. ಓಮದಲ್ಲೂ ಥೈಮ್‌ನಲ್ಲೂ ಇರುವ ಥೈಮಾಲ್ ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ. ಬಾಯಿ ಮುಕ್ಕಳಿಸುವ ಲಿಸ್ಟರಿನ್‌ನಲ್ಲಿ ಇವತ್ತಿಗೂ ಅದಿದೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೊಕ್ಕೆಹುಳುವಿಗೆ ಅದೇ ಮದ್ದಾಗಿತ್ತು. ದೊಡ್ಡಪತ್ರೆ ಓಮದಂತೆ ಮೂಗಿಗೆ ಬಡಿಯುವುದೂ ಸುಮ್ಮನೆ ಅಲ್ಲ, ಅದರ ಎಣ್ಣೆಯಲ್ಲಿ ಥೈಮಾಲ್ ಮತ್ತು ಅದರ ಅವಳಿಯಂಥ ಕಾರ್ವಕ್ರಾಲ್ ಇವೆ. ಪುದೀನದ ತಂಪು ಬರೀ ಭ್ರಮೆ ಎನ್ನುವವರಿಗೆ ಒಂದು ಸಂಗತಿ: ಚಳಿಯನ್ನು ಗ್ರಹಿಸುವ ನರತುದಿಯ ಬಾಗಿಲೊಂದನ್ನು ಮೆಂಥಾಲ್ ನೇರವಾಗಿ ತೆರೆಯುತ್ತದೆ. ವಿಜ್ಞಾನಿಗಳಾದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಆ ಬಾಗಿಲನ್ನು ಪತ್ತೆ ಹಚ್ಚಲು ಮೆಂಥಾಲನ್ನೇ ಬಳಸಿದ್ದರು. ಶಾಖ, ಚಳಿ, ಸ್ಪರ್ಶಗಳ ಗ್ರಹಿಕೆಯ ಕುರಿತ ಕೆಲಸಕ್ಕೆ ಅವರಿಗೆ 2021ರ ನೊಬೆಲ್ ಬಂತು. ಆದರೆ ಗಮನಿಸಿ, ಮೆಂಥಾಲ್ ಮೂಗು ಕಟ್ಟಿದ್ದನ್ನು ಬಿಡಿಸುವುದಿಲ್ಲ, ಬಿಟ್ಟಂತೆ ಅನ್ನಿಸುವ ಹಾಗೆ ಮಾಡುತ್ತದೆ. ರಾತ್ರಿ ನಿದ್ದೆ ಬರಲು ಅಷ್ಟೇ ಸಾಕಾಗಬಹುದು. ಕೆಲಸ ಮಾಡುವುದಕ್ಕೂ ಎಲ್ಲ ಕೆಲಸ ಮಾಡುವುದಕ್ಕೂ ಇರುವ ಅಂತರ ಇದು.

ಇನ್ನೊಂದು ಗುಂಪಿನವರು ‘ನಮ್ಮಲ್ಲಿ ಇಲ್ಲದ್ದೇನಿದೆ, ವಿದೇಶಿ ರೋಸ್‌ಮೇರಿ ಏಕೆ?’ ಎನ್ನುತ್ತಾರೆ. ನಮ್ಮದು ಎಂದು ಮಲ್ಲಿಗೆಯ ಜೊತೆ ಕಟ್ಟಿ ಮುಡಿಯುವ ಮರುಗವೂ ಮೆಡಿಟರೇನಿಯನ್ ಕಡೆಯದೇ. ಅಲ್ಲಿ ಅದನ್ನು ಮಾರ್ಜೊರಮ್ ಎಂದು ಮಾಂಸದ ಅಡುಗೆಗೆ ಹಾಕುತ್ತಾರೆ, ನಾವು ಬಾಯಿಗೆ ಹಾಕದೆ ತಲೆಗೇರಿಸಿದೆವು. ದವನಕ್ಕಾದರೆ ಚೈತ್ರದಲ್ಲಿ ಒಂದು ಹುಣ್ಣಿಮೆಯೇ ಮೀಸಲು. ರೋಸ್‌ಮೇರಿಗೂ ಅಂಥ ಸ್ಥಾನವಿದೆ: 1915ರಲ್ಲಿ ಟರ್ಕಿಯ ಗಲಿಪೊಲಿ ಪರ್ಯಾಯದ್ವೀಪದಲ್ಲಿ ಮಡಿದ ಸೈನಿಕರ ನೆನಪಿಗೆ ಆಸ್ಟ್ರೇಲಿಯಾದವರು ಪ್ರತಿ ಏಪ್ರಿಲ್ 25ರಂದು ರೋಸ್‌ಮೇರಿಯ ಕುಡಿಯನ್ನು ಎದೆಗೆ ಸಿಕ್ಕಿಸಿಕೊಳ್ಳುತ್ತಾರೆ. ಆ ಪರ್ಯಾಯದ್ವೀಪದ ಗುಡ್ಡಗಳಲ್ಲಿ ಅದು ತಾನಾಗಿ ಬೆಳೆಯುತ್ತದೆ. ಇವೂ ಉಪಯೋಗಗಳೇ, ಇವಕ್ಕೆ ಯಾವ ಪ್ರಯೋಗಾಲಯವೂ ಬೇಡ. ಹಾಗಾಗಿ ಸ್ವದೇಶಿ ವಿದೇಶಿ ಎಂಬ ಜಗಳಕ್ಕಿಂತ ಮಣ್ಣು, ಮಳೆ ನೋಡಿ ಆರಿಸಿಕೊಳ್ಳುವುದೇ ಸರಿ ಎಂಬುದು ನನ್ನ ತೀರ್ಮಾನ. ರೋಸ್‌ಮೇರಿ ಒಣನೆಲದ ಗಿಡ, ಬೇರು ನೀರಿನಲ್ಲಿ ನಿಂತರೆ ಕೊಳೆಯುತ್ತದೆ. ಬಯಲುಸೀಮೆಯಲ್ಲಿ ಅರ್ಧ ಮರಳು ಬೆರೆಸಿದ ಕುಂಡದಲ್ಲಿ, ಮಣ್ಣು ಪೂರಾ ಒಣಗಿದ ಮೇಲೆ ನೀರುಣಿಸಿದರೆ ವರ್ಷಗಟ್ಟಲೆ ಬದುಕುತ್ತದೆ. ಮಲೆನಾಡು, ಕರಾವಳಿಯವರು ಜೂನ್ ಬರುವುದರೊಳಗೆ ಕುಂಡವನ್ನು ಬಿಸಿಲು ಸಿಗುವ ಜಗಲಿಗೆ ಎತ್ತಿಡಬೇಕು. ಅಷ್ಟು ಉಸಾಬರಿ ಬೇಡವೆಂದರೆ ದೊಡ್ಡಪತ್ರೆಯ ಒಂದು ಕಡ್ಡಿ ಮುರಿದು ನೆಟ್ಟರಾಯಿತು, ಬೇರು ಬಿಡಲು ಎರಡು ವಾರ ಸಾಕು.