ಪದಪಟ್ಟಿಯಿಂದ ವಾಕ್ಯಕ್ಕೆ

ಜಿಆರ್‌ಇ ಪರೀಕ್ಷೆಗೆಂದು ಮೂರು ತಿಂಗಳು ಇಂಗ್ಲಿಷ್ ಪದಪಟ್ಟಿಗಳನ್ನು ಬಾಯಿಪಾಠ ಮಾಡಿದೆ. ಅಣಕು ಪರೀಕ್ಷೆಯಲ್ಲಿ ಎಡವಿದ್ದು ಗೊತ್ತಿದ್ದ ಪದಗಳಲ್ಲೇ.

ವರ್ಬಲ್ ವಿಭಾಗದಲ್ಲಿ 41 ನಿಮಿಷಕ್ಕೆ 27 ಪ್ರಶ್ನೆಗಳು. ಒಂದು ಬಗೆಯಲ್ಲಿ, ಖಾಲಿ ಜಾಗಕ್ಕೆ ಹೊಂದಿ ಒಂದೇ ಅರ್ಥ ಕೊಡುವ ಎರಡು ಪದಗಳನ್ನು ಆರರಿಂದ ಆರಿಸಬೇಕು. ಒಂದು ತಪ್ಪಿದರೂ ಅಂಕವಿಲ್ಲ. ನಾನು ಸಮಾನಾರ್ಥಕ ಜೋಡಿ ಕಂಡೊಡನೆ ಗುರುತು ಹಾಕುತ್ತಿದ್ದೆ, ವಾಕ್ಯವನ್ನೇ ಓದುತ್ತಿರಲಿಲ್ಲ.

ಈಗ ಮೊದಲು ಆಯ್ಕೆಗಳನ್ನು ಮುಚ್ಚುತ್ತೇನೆ. ‘ಆಲ್ದೋ’ ಇದ್ದರೆ ಅರ್ಥ ತಿರುಗುತ್ತದೆ, ‘ಬಿಕಾಸ್’ ಇದ್ದರೆ ಕಾರಣ ಬರುತ್ತದೆ. ‘ಸಿರಿವಂತನಾಗಿದ್ದರೂ ಅವನ ಬದುಕು ____’ ಎಂದರೆ ‘ಸರಳ’ ತಾನಾಗಿ ಹೊಳೆಯುವುದಿಲ್ಲವೇ? ಹಾಗೆ ನನ್ನದೇ ಪದ ಬರೆದು, ಆಮೇಲೆ ಆಯ್ಕೆ ನೋಡುತ್ತೇನೆ.

ಅಭ್ಯಾಸ ಬೋಧನೆಯಲ್ಲಿ ಮಕ್ಕಳಿಂದ ವಿಜ್ಞಾನದ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿಸಿದವಳೂ ನಾನೇ. ಮುಂದಿನ ಪಾಠಯೋಜನೆಯಲ್ಲಿ ವ್ಯಾಖ್ಯೆ ಕೊನೆಗೆ ಬರುತ್ತದೆ. ಮೊದಲು ಮಕ್ಕಳದೇ ಮಾತು.