ವಲ್ವಾ ಕ್ಯಾನ್ಸರ್: ಸಿ51ರ ಮುಂದಿನ ಅಂಕಿ ಏಕೆ ಮುಖ್ಯ?

ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣವಾದ ಐಸಿಡಿ-10, ಸ್ತ್ರೀಯರ ಬಾಹ್ಯ ಜನನಾಂಗವಾದ ವಲ್ವಾದ ಕ್ಯಾನ್ಸರಿಗೆ ಸಿ51 ಸಂಕೇತ ಕೊಟ್ಟಿದೆ. ಯೋನಿಯದು ಸಿ52, ಗರ್ಭಕೊರಳಿನದು ಸಿ53. ಈ ಸಂಕೇತಗಳನ್ನು ಕಲಿಯುವ ಪರೀಕ್ಷಾರ್ಥಿಗಳು ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲುತ್ತಾರೆ. ಆದರೆ ನಿಜವಾದ ಮಾಹಿತಿ ಇರುವುದು ಬಿಂದುವಿನ ನಂತರದ ಅಂಕಿಯಲ್ಲಿ. ದೊಡ್ಡ ಭಗೋಷ್ಠಕ್ಕೆ ಸಿ51.0, ಕಿರಿಯದಕ್ಕೆ ಸಿ51.1, ಭಗಾಂಕುರಕ್ಕೆ ಸಿ51.2; ಗಡ್ಡೆ ಅಕ್ಕಪಕ್ಕದ ಭಾಗಗಳನ್ನು ಆವರಿಸಿ ಮೂಲ ತಿಳಿಯದಿದ್ದರೆ ಸಿ51.8, ಜಾಗವನ್ನೇ ನಮೂದಿಸದಿದ್ದರೆ ಸಿ51.9. ಮೇಲ್ಪದರ ದಾಟದ ಕಾರ್ಸಿನೋಮಾ ಇನ್ ಸಿಟು ಈ ಗುಂಪಿಗೇ ಸೇರದು, ಅದು ಡಿ07.1.

ಚಿಕಿತ್ಸೆಯನ್ನು ನಿರ್ಧರಿಸುವುದು ಬಯಾಪ್ಸಿ ಮತ್ತು ರೋಗದ ಹಂತವೇ ಹೊರತು ಸಂಕೇತವಲ್ಲ, ಹಾಗಿರುವಾಗ ಇಷ್ಟು ಸೂಕ್ಷ್ಮತೆ ಯಾಕೆ ಎಂಬ ಆಕ್ಷೇಪವಿದೆ. ಮೊದಲ ಮಾತು ಸರಿ. ಆದರೆ ಬೆಂಗಳೂರಿನಲ್ಲಿ 1982ರಿಂದ ನಡೆದುಬಂದಿರುವಂಥ ಕ್ಯಾನ್ಸರ್ ನೋಂದಣಿಗಳು ರೋಗವನ್ನು ಎಣಿಸುವುದು ಸಂಕೇತಗಳ ಮೂಲಕವೇ. ಸಂಕೋಚದಿಂದ ಎಷ್ಟೋ ಹೆಣ್ಣುಮಕ್ಕಳು ತಡವಾಗಿ ತೋರಿಸುವ, ಅಪರೂಪದ ಈ ಕಾಯಿಲೆಯಲ್ಲಿ ಡಿ07.1 ಬರೆಯಬೇಕಾದಲ್ಲಿ ಸಿ51 ಬರೆದರೆ, ಬೇಗ ಪತ್ತೆಯಾದವರ ಲೆಕ್ಕವೇ ಕೆಡುತ್ತದೆ. ಹಾಗೆಂದು ವೈದ್ಯರು ಜಾಗ ಬರೆಯದಿದ್ದಾಗ ಊಹಿಸಿ ಅಂಕಿ ತುಂಬುವಂತಿಲ್ಲ, ಅಲ್ಲಿ ಸಿ51.9 ಹಾಕುವುದೇ ಪ್ರಾಮಾಣಿಕ ಕೆಲಸ. 2022ರ ಜನವರಿ 1ರಿಂದ ಜಾರಿಗೆ ಬಂದ ಐಸಿಡಿ-11ರಲ್ಲಿ ಈ ಕ್ಯಾನ್ಸರಿನ ಸಂಕೇತ 2ಸಿ70.